ಓಡಿದ್ದು ಯಾರು, ಗೆದ್ದಿದ್ದು ಯಾರು?

ಮೊನ್ನೆ ಭಾನುವಾರ ಸಂಜೆ ಬಸವೇಶ್ವರನಗರದ ಹಾವನೂರು ಸರ್ಕಲ್ ಹತ್ತಿರ ಕಾಫಿ ಕುಡಿಯುತ್ತಾ ನಿಂತಿದ್ದಾಗ ಶುರುವಾದ ಜಗಳ ಇದು. ದೊಡ್ಡದೇನಲ್ಲ, ಕಂಬಳದ ಮಾತು ಬಂದಾಗಲೆಲ್ಲ ನಮ್ಮ ಗುಂಪಿನಲ್ಲಿ ಆಗುವಂಥದ್ದೇ. ಒಂದು ಕಡೆ ಆಫೀಸಿನ ಗೆಳೆಯ, ಕಾರ್ಕಳದ ಕಡೆಯವನು. ಸೀಸನ್ ಶುರುವಾದರೆ ಶುಕ್ರವಾರ ರಾತ್ರಿ ನವರಂಗ್ ಹತ್ತಿರ ಬಸ್ಸು ಹತ್ತಿ, ಸೋಮವಾರ ಬೆಳಿಗ್ಗೆ ಕೆಂಪು ಕಣ್ಣು ಮಾಡಿಕೊಂಡು ವಾಪಸ್ ಬರುವ ಆಸಾಮಿ. ಇನ್ನೊಂದು ಕಡೆ ನನ್ನ ಕಾಲೇಜಿನ ದೋಸ್ತ್, ಕೆಂಗೇರಿಯವನು. ಯಾವ ಆಟವಾದರೂ ಸರಿ, ಅಂಕಿ ಸಂಖ್ಯೆ ಇಲ್ಲದೆ ಮಾತಾಡುವುದಿಲ್ಲ.

"ಶ್ರೀನಿವಾಸ ಗೌಡರೇ ನಂಬರ್ ಒನ್ ಕಣೋ. ಬೋಲ್ಟ್‌ಗಿಂತ ಫಾಸ್ಟು," ಅಂದ ಕೆಂಗೇರಿ.

"ಟೈಮ್ ಯಾರಿಗೆ ಬೇಕು ಮಾರಾಯ? ಪಕ್ಕದ ಕರೆಯ ಕೋಣಕ್ಕಿಂತ ಮುಂಚೆ ಮಂಜೊಟ್ಟಿ ಮುಟ್ಟಿದ್ರಾ ಇಲ್ವಾ, ಅಷ್ಟೇ," ಅಂದ ಕಾರ್ಕಳ.

ಕಾಫಿ ಆರಿತು, ಜಗಳ ಆರಲಿಲ್ಲ. ವಿಜಯನಗರದಲ್ಲಿ ಹುಟ್ಟಿ ಬೆಳೆದ ನಾನು ಕಂಬಳದ ವಿಷಯದಲ್ಲಿ ಹೊರಗಿನವನೇ. ಆದರೆ ಮನೆಗೆ ಬಂದ ಮೇಲೂ ಆ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಅದಕ್ಕೇ ಇದನ್ನು ಬರೆಯಲು ಕೂತೆ.

ಕಂಬಳ ನೋಡದವರಿಗಾಗಿ ಸ್ವಲ್ಪ ಪೀಠಿಕೆ. ತುಳುನಾಡಿನಲ್ಲಿ ಕಂಬಳ ಮೊದಲಿಗೆ ರೇಸ್ ಆಗಿರಲಿಲ್ಲ. ಅದು ಗದ್ದೆಯ ಆಚರಣೆ, ದೈವ ದೇವರ ಕಾರ್ಯ. ಗದ್ದೆಗೆ ಕೋಣ ಇಳಿಸುವುದು, ಅಲಂಕರಿಸಿದ ಪೂಕರೆ ಕಂಬ ನೆಡುವುದು, ಆಮೇಲೆ ಬಿತ್ತನೆ. ಅರಸು ಕಂಬಳ, ದೇವರ ಕಂಬಳ, ಪೂಕರೆ ಕಂಬಳ ಅಂತ ಹಲವು ಹೆಸರು. ಅಲ್ಲಿ ಮೊದಲ ಸ್ಥಾನ, ಎರಡನೇ ಸ್ಥಾನ ಮುಖ್ಯವಲ್ಲ. ಯಾವ ಮನೆಯ ಕೋಣ ಮೊದಲು ಗದ್ದೆಗೆ ಇಳಿಯಬೇಕು ಎನ್ನುವುದೇ ದೊಡ್ಡ ವಿಷಯ. ಅಂದರೆ ಅಲ್ಲಿದ್ದದ್ದು ಸ್ಪರ್ಧೆಯಲ್ಲ, ಮರ್ಯಾದೆಯ ಕ್ರಮ.

ಈಗ ನಾವು ಟೀವಿಯಲ್ಲಿ ನೋಡುವುದು ಜೋಡುಕರೆ ಕಂಬಳ. ಅಕ್ಕಪಕ್ಕ ಎರಡು ಕೆಸರಿನ ಕರೆ, ಒಂದೊಂದರಲ್ಲಿ ಒಂದು ಜೊತೆ ಕೋಣ. ಗಂತಿನಿಂದ ಹೊರಟು ಮಂಜೊಟ್ಟಿಯನ್ನು ಮೊದಲು ಮುಟ್ಟಿದವರು ಮುಂದಿನ ಸುತ್ತಿಗೆ. ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ, ಸಮಿತಿಗಳು ಹುಟ್ಟಿಕೊಂಡ ಮೇಲೆ, ಇದು ಊರೂರಿಗೆ ಹಬ್ಬಿತು. ಕರೆಗಳ ಹೆಸರು ಕೇಳಿದರೇ ಇದರ ಸ್ವಭಾವ ಗೊತ್ತಾಗುತ್ತದೆ. ಮೂಡುಬಿದಿರೆಯಲ್ಲಿ ಕೋಟಿ-ಚೆನ್ನಯ, ಮಿಯಾರಿನಲ್ಲಿ ಲವ-ಕುಶ, ಐಕಳದಲ್ಲಿ ಕಾಂತಾಬಾರೆ-ಬೂದಾಬಾರೆ, ಉಪ್ಪಿನಂಗಡಿಯಲ್ಲಿ ವಿಜಯ-ವಿಕ್ರಮ. ಎಲ್ಲಾ ಜೋಡಿ ಹೆಸರುಗಳೇ! ಅಣ್ಣತಮ್ಮಂದಿರ ಹೆಸರಿಟ್ಟು ಅವರ ನಡುವೆಯೇ ಪೈಪೋಟಿ ಹಚ್ಚಿದ್ದಾರೆ :)

ವಿಭಾಗಗಳೂ ಹಲವು. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ. ಹಗ್ಗ ಮತ್ತು ನೇಗಿಲಿನಲ್ಲಿ ಕೋಣಗಳ ವಯಸ್ಸಿನ ಪ್ರಕಾರ ಹಿರಿಯ, ಕಿರಿಯ ಎಂಬ ಭಾಗ. ಕನೆಹಲಗೆಯಲ್ಲಂತೂ ವೇಗಕ್ಕೆ ಲೆಕ್ಕವೇ ಇಲ್ಲ. ಓಡಿಸುವವನು ಹಲಗೆಯ ಮೇಲೆ ನಿಂತಿರುತ್ತಾನೆ, ಹಲಗೆಯ ತೂತಿನಿಂದ ನೀರು ಚಿಮ್ಮಿ ಮೇಲೆ ಕಟ್ಟಿದ ನಿಶಾನೆಗೆ ತಾಗಬೇಕು. ಆರೂವರೆ ಕೋಲು, ಏಳೂವರೆ ಕೋಲು ಅಂತ ಎತ್ತರ. ಒಂದಕ್ಕಿಂತ ಹೆಚ್ಚು ಜೊತೆಗಳು ನಿಶಾನೆ ಮುಟ್ಟಬಹುದು. ಹಾಗಾಗಿ "ಕಂಬಳದಲ್ಲಿ ಯಾರು ಬೆಸ್ಟ್?" ಎಂಬ ಪ್ರಶ್ನೆಗೆ "ಯಾವುದರಲ್ಲಿ?" ಎಂದು ಮರುಪ್ರಶ್ನೆ ಹಾಕಲೇಬೇಕು.

ಈಗ ಗಡಿಯಾರದ ಕಥೆಗೆ ಬರೋಣ. 2020ರ ಫೆಬ್ರವರಿ 1ರಂದು ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಅದನ್ನು ಯಾರೋ 100 ಮೀಟರಿಗೆ ಇಳಿಸಿ 9.55 ಅಂದರು. ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಓಡಿದ್ದು 9.58. ಅಲ್ಲಿಗೆ ದೇಶವೆಲ್ಲಾ ಗುಲ್ಲು. ಎರಡು ವಾರದ ಮೇಲೆ, ಫೆಬ್ರವರಿ 16ಕ್ಕೆ, ವೇಣೂರಿನಲ್ಲಿ ನಿಶಾಂತ್ ಶೆಟ್ಟಿ 143 ಮೀಟರನ್ನು 13.61ರಲ್ಲಿ ಮುಗಿಸಿದರು. ಅದೇ ಲೆಕ್ಕದಲ್ಲಿ 9.51. ಕೇಂದ್ರದ ಅಂದಿನ ಕ್ರೀಡಾ ಸಚಿವ ಕಿರಣ್ ರಿಜಿಜು ಗೌಡರನ್ನು ಬೆಂಗಳೂರಿನ ಸಾಯ್ ಕೇಂದ್ರಕ್ಕೆ ಟ್ರಯಲ್ಸಿಗೆ ಕರೆದರು. ಆ ಕೇಂದ್ರ ಇರುವುದು ನಮ್ಮ ವಿಜಯನಗರದಿಂದ ಕೆಂಗೇರಿಗೆ ಹೋಗುವ ಹಾದಿಯ ಜ್ಞಾನಭಾರತಿಯಲ್ಲೇ. ಆಗ ಇಂಜಿನಿಯರಿಂಗ್ ಓದುತ್ತಿದ್ದ ನಾವಿಬ್ಬರೂ ಗೇಟಿನ ಹತ್ತಿರ ಹೋಗಿ ನೋಡಿಬರೋಣ ಅಂತ ಪ್ಲಾನ್ ಮಾಡಿದ್ದೆವು. ಗೌಡರು ಟ್ರಯಲ್ಸ್ ಬೇಡ ಅಂದುಬಿಟ್ಟರು. ಕಾಲಿಗೆ ಪೆಟ್ಟಾಗಿದೆ, ಕಂಬಳವೇ ನನ್ನ ಗುರಿ ಅಂದರು. ಓಟದ ಶ್ರೇಯಸ್ಸಿನಲ್ಲಿ ಕೋಣಗಳಿಗೂ ಪಾಲು ಕೊಟ್ಟರು.

ಲೆಕ್ಕ ಸರಿ ಇದೆಯಾ ಅಂತ ನಾನೂ ಮಾಡಿ ನೋಡಿದೆ. ದೂರ ಹೆಚ್ಚಾದಷ್ಟೂ ಶುರುವಿನ ನಿಧಾನ ಸರಾಸರಿಯಲ್ಲಿ ಕರಗಿಹೋಗುತ್ತದೆ. ಆದ್ದರಿಂದ 142 ಮೀಟರಿನ ಸರಾಸರಿಯನ್ನು 100 ಮೀಟರಿನ ಪಕ್ಕ ಇಡುವುದು ಸರಿಯಲ್ಲ. ಬೋಲ್ಟ್ 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ರಸ್ತೆಯಲ್ಲಿ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ್ದ. ಸೆಕೆಂಡಿಗೆ 10.45 ಮೀಟರ್. ಐಕಳದ್ದು 10.46! ಹೋಲಿಸಲೇಬೇಕಿದ್ದರೆ ಇದನ್ನು ಹೋಲಿಸಬೇಕಿತ್ತು. ಆದರೆ ಕೆಸರು ಒಂದು ಕಡೆ ಹಿಂದಕ್ಕೆಳೆದರೆ, ಹಗ್ಗ ಹಿಡಿದ ಕೈಯನ್ನು ಕೋಣಗಳು ಮುಂದಕ್ಕೆಳೆಯುತ್ತವೆ. ಒಬ್ಬ ಮನುಷ್ಯನ ಓಟಕ್ಕೂ ಮೂರು ಜೀವಗಳ ಓಟಕ್ಕೂ ತಕ್ಕಡಿ ಒಂದೇ ಹೇಗಾದೀತು? ಸಾಲದ್ದಕ್ಕೆ ಕರೆಯ ಉದ್ದ ಊರಿಂದೂರಿಗೆ ಬೇರೆ, ಕೆಸರೂ ಬೇರೆ. ಅಲ್ಲಿಗೆ ಕಾರ್ಕಳದ ಗೆಳೆಯನೇ ಗೆದ್ದ ಅಂದುಕೊಂಡೆ.

ಹಾಗೆ ಅಂದುಕೊಂಡವನಿಗೆ ಅಮೆರಿಕದ ನೆನಪಾಯಿತು.

ಹೋದ ವರ್ಷ, ಅಂದರೆ 2025ರ ಕೊನೆಯಲ್ಲಿ, ಆನ್‌ಸೈಟ್ ಅಂತ ಶಾರ್ಲೆಟ್‌ನಲ್ಲಿ ಮೂರು ತಿಂಗಳು ಇದ್ದೆ. ಅದು ನಾಸ್ಕಾರ್ ರೇಸಿನ ಊರು. ರಸ್ತೆಯಲ್ಲಿ ಓಡಾಡುವ ಕಾರುಗಳ ರೂಪದ ಕಾರುಗಳನ್ನು ದುಂಡನೆಯ ಟ್ರ್ಯಾಕಿನಲ್ಲಿ ನೂರಾರು ಸುತ್ತು ಓಡಿಸುವ ಆಟ. ನವೆಂಬರ್ 3ರ ಸೋಮವಾರ ಆಫೀಸಿಗೆ ಹೋದರೆ ಯಾರೂ ಕೆಲಸ ಮಾಡುತ್ತಿಲ್ಲ! ಹಿಂದಿನ ದಿನ ಫೀನಿಕ್ಸಿನಲ್ಲಿ ಫೈನಲ್ ನಡೆದಿತ್ತು. ಡೆನ್ನಿ ಹ್ಯಾಮ್ಲಿನ್ 208 ಸುತ್ತು ಎಲ್ಲರಿಗಿಂತ ಮುಂದಿದ್ದ. ಇನ್ನು ಮೂರೇ ಸುತ್ತು ಇದೆ ಅನ್ನುವಾಗ ಯಾರದೋ ಟೈರು ಹೋಗಿ ರೇಸು ನಿಧಾನವಾಯಿತು, ಎಲ್ಲರೂ ಪಿಟ್‌ಗೆ ಬಂದರು. ಕೊನೆಗೆ ಚಾಂಪಿಯನ್ ಆಗಿದ್ದು ಕೈಲ್ ಲಾರ್ಸನ್. ಆ ರೇಸಿನಲ್ಲಿ ಅವನು ಒಂದು ಸುತ್ತೂ ಮುಂದಿರಲಿಲ್ಲ, ರೇಸ್ ಗೆದ್ದಿದ್ದೂ ಅವನಲ್ಲ. ಫೈನಲಿಗೆ ಬಂದ ನಾಲ್ವರಲ್ಲಿ ಮುಂದೆ ಮುಗಿಸಿದವನೇ ಚಾಂಪಿಯನ್ ಅನ್ನುವುದು ನಿಯಮ. ಇಪ್ಪತ್ತು ಸೀಸನ್ ಓಡಿಯೂ ಒಂದು ಪಟ್ಟ ಸಿಗದ ಹ್ಯಾಮ್ಲಿನ್ ಮುಖ ನೋಡಿ ನನಗೇ ಸಂಕಟವಾಯಿತು, ಪಾಪ.

ಈ ನಿಯಮದ ಜಗಳ ಅಲ್ಲಿ ಹಳೆಯದು. 2003ರಲ್ಲಿ ಮ್ಯಾಟ್ ಕೆನ್ಸೆತ್ ಒಂದೇ ರೇಸ್ ಗೆದ್ದು ಅಂಕಗಳ ಲೆಕ್ಕದಲ್ಲಿ ಚಾಂಪಿಯನ್ ಆದ. ಅದೇ ವರ್ಷ ರಯನ್ ನ್ಯೂಮನ್ ಎಂಟು ಗೆದ್ದಿದ್ದ. 2004ರಲ್ಲಿ ನಿಯಮ ಬದಲಾಯಿತು. 2014ರಲ್ಲಿ ಮತ್ತೆ ಬದಲಾಗಿ ಕೊನೆಯ ಒಂದೇ ರೇಸಿಗೆ ಎಲ್ಲಾ ನಿಂತಿತು. 2026ರಲ್ಲಿ ಆ ಒಂದು ರೇಸಿನ ಫೈನಲನ್ನು ಕೈಬಿಟ್ಟು ಕೊನೆಯ ಹತ್ತು ರೇಸುಗಳ ಅಂಕ ಕೂಡಿಸುವ ಪದ್ಧತಿಗೆ ಮರಳಿದರು.

ನನಗೆ ಇನ್ನೂ ಕುತೂಹಲ ಹುಟ್ಟಿಸಿದ್ದು ಹಳೇ ಜೋಡಿಯೊಂದರ ಕಥೆ. ರಿಚರ್ಡ್ ಪೆಟ್ಟಿಗೆ 200 ಗೆಲುವು, ಏಳು ಪಟ್ಟ. ಡೇವಿಡ್ ಪಿಯರ್ಸನ್‌ಗೆ 105 ಗೆಲುವು, ಮೂರು ಪಟ್ಟ. ಪಟ್ಟಿ ನೋಡಿದರೆ ಪೆಟ್ಟಿಯೇ ದೊಡ್ಡವನು. ಆದರೆ ಇವರಿಬ್ಬರೇ ಮೊದಲೆರಡು ಸ್ಥಾನ ಹಂಚಿಕೊಂಡ ರೇಸುಗಳು 63. ಅವುಗಳಲ್ಲಿ ಪಿಯರ್ಸನ್ ಮೊದಲು ಬಂದದ್ದು 33 ಸಲ, ಪೆಟ್ಟಿ 30 ಸಲ! ಪಿಯರ್ಸನ್ ಪೂರ್ತಿ ಸೀಸನ್ ಓಡಿದ್ದು ಕೆಲವೇ ವರ್ಷ, ಹಾಗಾಗಿ ಪಟ್ಟದ ಲೆಕ್ಕಕ್ಕೆ ಅವನು ಸಿಗಲಿಲ್ಲ. ನಿಯಮ ಏನನ್ನು ಎಣಿಸುತ್ತದೋ ಅವರ ಹೆಸರು ಉಳಿಯುತ್ತದೆ. ಎಣಿಸದೇ ಬಿಟ್ಟದ್ದು ಅಭಿಮಾನಿಗಳ ಬಾಯಲ್ಲಿ ಮಾತ್ರ.

ಅಂದ ಹಾಗೆ, ನಾಸ್ಕಾರಿನಲ್ಲಿ ಪಟ್ಟಿ ಎರಡು. ಓಡಿಸುವವರಿಗೆ ಒಂದು, ಕಾರಿನ ಯಜಮಾನರಿಗೆ ಇನ್ನೊಂದು. ಎರಡೂ ಬೇರೆ ಬೇರೆ. ಈ ಸಂಗತಿಯನ್ನು ಕಾರ್ಕಳದ ಗೆಳೆಯನಿಗೆ ಹೇಳಿದೆ. ಯಾವಾಗಲೂ ಬಡಬಡ ಮಾತಾಡುವವನು ಸುಮ್ಮನಾದ. ಆಮೇಲೆ ತನ್ನ ಸೋದರಮಾವನ ಕಥೆ ಹೇಳಿದ.

ಆ ಮಾವ ಎಂಬತ್ತರ ದಶಕದಲ್ಲಿ ಬೇರೆಯವರ ಕೋಣ ಓಡಿಸುತ್ತಿದ್ದರಂತೆ. ಹಗಲು ಕೂಲಿ, ಕಂಬಳದ ದಿನ ಓಟ. ಗೆದ್ದ ಪದಕಗಳು ಯಜಮಾನರ ಮನೆಯ ಚಾವಡಿಯಲ್ಲಿ, ಗಾಜಿನ ಕಪಾಟಿನಲ್ಲಿ. ಕಳೆದ ವರ್ಷ ಯಾವುದೋ ಪೂಜೆಗೆ ಆ ಮನೆಗೆ ಹೋದಾಗ ಗೋಡೆಯ ಮೇಲಿನ ಫೋಟೋ ನೋಡಿದನಂತೆ. ಕೆಳಗೆ ಯಜಮಾನರ ಹೆಸರಿದೆ, ಊರಿನ ಹೆಸರಿದೆ, ಇಸವಿ ಇದೆ, ಕೋಣಗಳ ಹೆಸರೂ ಇದೆ. ಹಗ್ಗ ಹಿಡಿದು ಹಿಂದೆ ನಿಂತಿರುವ ಮಾವನ ಹೆಸರಿಲ್ಲ.

"ಅವರು ಒಳ್ಳೆ ಜನ ಮಾರಾಯ, ಊಟ ಹಾಕಿ ಕಳಿಸಿದ್ರು. ಬೇಕಂತ ಬಿಟ್ಟದ್ದಲ್ಲ. ಬರೀಬೇಕು ಅಂತ ಯಾರಿಗೂ ಹೊಳೀಲಿಲ್ಲ, ಅಷ್ಟೇ," ಅಂದ.

ಆ "ಅಷ್ಟೇ" ನನ್ನನ್ನು ತುಂಬಾ ಕಾಡಿತು. ಕಂಬಳ ಕೋಣ ಸಾಕುವವರ ಆಟ, ನಿಜ. ವರ್ಷವಿಡೀ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ ಸಾಕುವ ಖರ್ಚು ಸಣ್ಣದಲ್ಲ. ಆದರೆ ಗದ್ದೆಗೆ ಇಳಿದವರ ಮಾತು ಹೆಸರಿಗಷ್ಟೇ ಮುಗಿಯುವುದಿಲ್ಲ. ಕಂಬಳದ ಹಿಂದಿನ ರಾತ್ರಿ ಕೊರಗ ಸಮುದಾಯದವರು ಗದ್ದೆಯ ಬಳಿ ಎಚ್ಚರವಿದ್ದು ಹಾಡಿ ಕುಣಿಯಬೇಕೆಂಬ 'ಪನಿಕುಲ್ಲುನಿ' ಎಂಬ ಕಟ್ಟುಪಾಡಿತ್ತು. ಇಂಥ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ ಸರ್ಕಾರ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಕಂಬಳದ ಇತಿಹಾಸ ಹೇಳುವಾಗ ಇದನ್ನು ಬಿಟ್ಟು ಹೇಳಿದರೆ ಅದೂ ಆ ಫೋಟೋದ ಹಾಗೆಯೇ ಆಗುತ್ತದೆ.

2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ತೀರ್ಪು ಕೊಟ್ಟಾಗಿನಿಂದ ಕಂಬಳದ ತಲೆಯ ಮೇಲೂ ಕತ್ತಿ ತೂಗುತ್ತಿತ್ತು. 2016ರ ನವೆಂಬರಿನಲ್ಲಿ ಹೈಕೋರ್ಟ್ ತಡೆ, 2017ರಲ್ಲಿ ರಾಜ್ಯದ ತಿದ್ದುಪಡಿ, 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠದಿಂದ ಆ ತಿದ್ದುಪಡಿಗೆ ಒಪ್ಪಿಗೆ. ಅಷ್ಟು ವರ್ಷ ನಾವು ಟೀವಿಯಲ್ಲಿ ಕೇಳಿದ ವಾದ ಎರಡೇ. ಕೋಣದ ನೋವು ಒಂದು, ನಾಡಿನ ಸಂಪ್ರದಾಯ ಇನ್ನೊಂದು. ಎರಡೂ ದೊಡ್ಡ ವಿಷಯಗಳೇ. ನಡುವೆ ಹಗ್ಗ ಹಿಡಿದವನ ಬಗ್ಗೆ ನಾನಂತೂ ಯೋಚಿಸಿರಲಿಲ್ಲ.

2023ರ ನವೆಂಬರ್ 25, 26ಕ್ಕೆ ಬೆಂಗಳೂರಿನ ಅರಮನೆ ಮೈದಾನದಲ್ಲೇ ಕಂಬಳ ನಡೆಯಿತಲ್ಲ, ನಾನೂ ಹೋಗಿದ್ದೆ. ಜನವೋ ಜನ. ಮೈಕಿನಲ್ಲಿ ಮೊದಲು ಯಜಮಾನರ ಮನೆತನದ ಹೆಸರು, ಆಮೇಲೆ ಓಡಿಸುವವರ ಹೆಸರು. ಈಗ ಎರಡನ್ನೂ ಹೇಳುತ್ತಾರೆ, ಸಂತೋಷ. ಆದರೆ ಪಕ್ಕದಲ್ಲಿದ್ದ ಹುಡುಗರ ಗುಂಪು ಕೂಗುತ್ತಿದ್ದದ್ದು ಓಟಗಾರರ ಹೆಸರನ್ನು. ಆ ಹುಡುಗರಿಗೆ ಆ ಹೆಸರು ಗೊತ್ತಾಗಿದ್ದು ಹೇಗೆ? 13.62ರಿಂದ!

ಅಲ್ಲಿಗೆ ನನ್ನ ತೀರ್ಪು ಸ್ವಲ್ಪ ತಿದ್ದಿಕೊಳ್ಳಬೇಕಾಯಿತು. ಬೋಲ್ಟ್ ಹೋಲಿಕೆ ತಪ್ಪು, ಲೆಕ್ಕವೂ ತಪ್ಪು. ಆಟದ ಮಟ್ಟಿಗೆ ಕಾರ್ಕಳದ ಗೆಳೆಯ ಹೇಳಿದ್ದೇ ಸರಿ, ಪಕ್ಕದ ಕರೆಯನ್ನು ಸೋಲಿಸುವುದೇ ಕಂಬಳ. ಆದರೆ ಆ ತಪ್ಪು ಲೆಕ್ಕವೇ ಕಟ್ಟಡ ಕೆಲಸ ಮಾಡುತ್ತಿದ್ದ ಒಬ್ಬ ಓಟಗಾರನ ಹೆಸರನ್ನು ಊರ ಗಡಿ ದಾಟಿಸಿತು. ಗಡಿಯಾರಕ್ಕೆ ಕೋಣ ಯಾರದ್ದು, ಚಾವಡಿ ಯಾರದ್ದು ಅಂತ ಗೊತ್ತಿಲ್ಲ. ಓಡಿದವನ ಹೆಸರಿನ ಮುಂದೆ ಒಂದು ಸಂಖ್ಯೆ ಬರೆಯುತ್ತದೆ. ಮಾವನ ಕಾಲದಲ್ಲಿ ಅಂಥದ್ದೊಂದು ಸಂಖ್ಯೆ ಇದ್ದಿದ್ದರೆ ಅವರ ಹೆಸರೂ ಎಲ್ಲೋ ಒಂದು ಕಡೆ ಉಳಿಯುತ್ತಿತ್ತೇನೋ.

ನನ್ನ ಬಡ ಸಲಹೆ ಇಷ್ಟೇ. ಪೈಪೋಟಿ ಈಗಿನ ಹಾಗೇ ಇರಲಿ, ಆದರೆ ಪಟ್ಟಿ ಎರಡಿರಲಿ. ಯಜಮಾನರದ್ದೊಂದು, ಓಟಗಾರರದ್ದೊಂದು. ಯಾರು ಯಾರನ್ನು, ಯಾವ ಕರೆಯಲ್ಲಿ, ಎಷ್ಟು ಸಲ ಸೋಲಿಸಿದರು ಅನ್ನುವುದು ದಾಖಲಾಗಲಿ. ನಮ್ಮ ಕೆಂಗೇರಿಯ ದೋಸ್ತ್ ಆಗಲೇ ಎಕ್ಸೆಲ್ ಶೀಟ್ ತೆರೆದಿದ್ದಾನೆ. ಕಾರ್ಕಳದವನು ಮುಂದಿನ ಸಲ ಊರಿಗೆ ಹೋದಾಗ ಮಾವನ ಹತ್ತಿರ ಕೂತು ಅವರು ಓಡಿಸಿದ ಕಂಬಳಗಳನ್ನೆಲ್ಲಾ ಬರೆದುಕೊಂಡು ಬರುತ್ತೇನೆ ಅಂದಿದ್ದಾನೆ. ಮೊದಲ ಸಾಲು ಅವರದ್ದೇ.

ಕರಾವಳಿಯ ಗೆಳೆಯರೇ, ನಿಮ್ಮ ಮನೆಯಲ್ಲೂ ಇಂಥ ಮಾವಂದಿರು, ಅಜ್ಜಂದಿರು ಇದ್ದಾರಾ? ಇದ್ದರೆ ಅವರ ಹೆಸರು ಒಮ್ಮೆ ಬರೆದಿಡಿ. ತಪ್ಪೇನಾದರೂ ಬರೆದಿದ್ದರೆ ತಿದ್ದಿ, ನಾನು ಘಟ್ಟದ ಮೇಲಿನವನು :)