ಬಾಗಿಲಿಗೆ ಬಂದ ಸುಗಂಧ

ಅಮೆರಿಕದ ಡೇವಿಡ್ ಮೆಕಾನಲ್ ಮನೆಮನೆಗೆ ಹೋಗಿ ಪುಸ್ತಕ ಮಾರುತ್ತಿದ್ದ. ಪುಸ್ತಕದ ಜೊತೆ ಪುಕ್ಕಟೆ ಕೊಡುತ್ತಿದ್ದ ಸುಗಂಧದ ಸೀಸೆಯೇ ಹೆಂಗಸರಿಗೆ ಹೆಚ್ಚು ಹಿಡಿಸುತ್ತಿದೆ ಎಂಬುದು ಅವನಿಗೆ ಬೇಗ ಗೊತ್ತಾಯಿತು. 1886ರಲ್ಲಿ ಪುಸ್ತಕ ಬಿಟ್ಟು ಸುಗಂಧ ಹಿಡಿದ. ಹೆಸರಿಗೆ ಕ್ಯಾಲಿಫೋರ್ನಿಯಾ ಪರ್ಫ್ಯೂಮ್ ಕಂಪನಿ, ಇದ್ದದ್ದು ನ್ಯೂಯಾರ್ಕಿನಲ್ಲಿ. 1939ರಲ್ಲಿ ಅದೇ ಏವನ್ ಆಯಿತು.

ಅದರ ಮೊದಲ ಪ್ರತಿನಿಧಿ ನ್ಯೂ ಹ್ಯಾಂಪ್‌ಶೈರ್‌ನ ಶ್ರೀಮತಿ ಆಲ್ಬಿ. ಆಕೆ ಸೀಸೆ ಮಾರಿದ್ದಷ್ಟೇ ಅಲ್ಲ, ಮಾರುವ ಬೇರೆ ಹೆಂಗಸರನ್ನೂ ಹುಡುಕಿ ಸೇರಿಸಿದಳು. ಅಮೆರಿಕದ ಹೆಂಗಸರಿಗೆ ದೇಶದಾದ್ಯಂತ ಮತದ ಹಕ್ಕು ಸಿಕ್ಕಿದ್ದು 1920ರಲ್ಲಿ. ಅದಕ್ಕೂ ಮೂರು ದಶಕ ಮೊದಲೇ ಕೈಗೆ ಸ್ವಂತ ಕಾಸು ತಂದ ಕೆಲಸವಿದು. ಆದರೆ ನನ್ನನ್ನು ಕಾಡುವುದು ಆ ‘ಸೇರಿಸುವ’ ಕೆಲಸ. ಮುಂದೆ ಇಡೀ ನೇರ ಮಾರಾಟವನ್ನು ಕೋರ್ಟಿಗೆ ಎಳೆದದ್ದು ಅದೇ.

ನಮ್ಮ ಗಾಣಗಾಪುರದಲ್ಲಿ ದತ್ತಭಕ್ತರು ಮಧ್ಯಾಹ್ನ ಮಾಧುಕರಿಗೆ ಮನೆಮನೆ ತಿರುಗುತ್ತಾರೆ. ಬಂದವರನ್ನು ಬರಿಗೈಲಿ ಕಳಿಸಬಾರದೆಂಬುದು ರೂಢಿ. ಭಿಕ್ಷೆಯ ಜೋಳಿಗೆಗೂ ಮಾರಾಟದ ಚೀಲಕ್ಕೂ ಹೋಲಿಕೆಯಿಲ್ಲ, ನಿಜ. ಆದರೂ ಎರಡೂ ನಿಂತಿರುವುದು ಬಾಗಿಲ ಸಂಕೋಚದ ಮೇಲೆ. ಕದ ತಟ್ಟಿದವಳು ಅತ್ತಿಯೋ ಚಿಗವ್ವನೋ ಆದರೆ ‘ಬೇಡ’ ಎನ್ನುವುದು ಹೇಗೆ?

ಈ ಸಂಕೋಚವನ್ನೇ ಬಂಡವಾಳ ಮಾಡಿಕೊಂಡ ಪಿರಮಿಡ್ ವಂಚನೆಗಳಿಗೆ ಬೇಸತ್ತು ಚೀನಾ 1998ರಲ್ಲಿ ನೇರ ಮಾರಾಟವನ್ನೇ ನಿಷೇಧಿಸಿತು. ಮತ್ತೆ ಬಾಗಿಲು ತೆರೆದಾಗ 2006ರಲ್ಲಿ ಮೊದಲು ಪರವಾನಗಿ ಪಡೆದದ್ದು ಏವನ್. ಅಧಿಕಾರಿಗಳಿಗೆ ಉಡುಗೊರೆ, ನಗದು, ಪ್ರವಾಸ ಎಂದು ಸುಮಾರು 80 ಲಕ್ಷ ಡಾಲರ್ ಹೋಗಿತ್ತು. ಒಳಗಿನ ನೌಕರರೊಬ್ಬರು ಬರೆದ ಪತ್ರದಿಂದ 2008ರಲ್ಲಿ ತನಿಖೆ ಶುರುವಾಯಿತು. 2014ರಲ್ಲಿ ಕಂಪನಿ 13.5 ಕೋಟಿ ಡಾಲರ್ ತೆತ್ತು ಇತ್ಯರ್ಥ ಮಾಡಿಕೊಂಡಿತು. ವಂಚಕರ ಭಯಕ್ಕೆ ಹುಟ್ಟಿದ ಪರವಾನಗಿಯೇ ಲಂಚಕ್ಕೆ ದಾರಿಯಾಗಿತ್ತು.

ಭಾರತದಲ್ಲಿ 1978ರ ಹಣ ಪರಿಚಲನೆ ಯೋಜನೆಗಳ ನಿಷೇಧ ಕಾಯ್ದೆ ಕೇಳುವ ಪ್ರಶ್ನೆ ಒಂದೇ: ಸುಲಭದ ಹಣ ಬರುತ್ತಿರುವುದು ಹೊಸ ಸದಸ್ಯರ ಸೇರ್ಪಡೆಯಿಂದಲೇ? ರಾಯಚೂರಿನಿಂದ ಹೆಚ್ಚು ದೂರವಿಲ್ಲದ ಕರ್ನೂಲಿನ ಪೊಲೀಸರು 2014ರ ಮೇನಲ್ಲಿ ಆಮ್ವೇ ಇಂಡಿಯಾದ ಮುಖ್ಯಸ್ಥ ವಿಲಿಯಂ ಪಿಂಕ್ನಿಯನ್ನು ಬಂಧಿಸಿದ್ದು ಈ ಕಾಯ್ದೆಯಡಿಯ ದೂರಿನ ಮೇಲೆ. ಅದರ ಹಿಂದಿನ ವರ್ಷ ಕೇರಳದಲ್ಲೂ ಅವರ ಬಂಧನವಾಗಿತ್ತು. ಚಿಟ್ ಫಂಡ್ ಕಾಲಕ್ಕೆ ಬರೆದ ಕಾಯ್ದೆಯಲ್ಲಿ ಸೋಪು, ಸುಗಂಧಗಳ ವ್ಯಾಪಾರವನ್ನು ಅಳೆಯುವುದು ನನಗೆ ಅರೆಬರೆ ಕೆಲಸವಾಗಿಯೇ ಕಾಣುತ್ತದೆ.

ಪ್ರತ್ಯೇಕ ನಿಯಮಗಳು ಬಂದದ್ದು 2021ರ ಡಿಸೆಂಬರಿನಲ್ಲಿ. ಪಿರಮಿಡ್ ಯೋಜನೆ ನಿಷಿದ್ಧ. ಸೇರಲು ಪ್ರವೇಶ ಶುಲ್ಕ ಕೇಳುವಂತಿಲ್ಲ. ಗುರುತಿನ ಚೀಟಿಯಿಲ್ಲದೆ, ಮೊದಲೇ ಒಪ್ಪಿಗೆ ಪಡೆಯದೆ ಗ್ರಾಹಕರ ಮನೆಗೆ ಹೋಗುವಂತೆಯೂ ಇಲ್ಲ. ಓಣಿಯ ಗೆಳತಿಯೇ ಮಾರಲು ಬಂದರೆ ಅವಳ ಚೀಟಿ ಕೇಳುವವರಾರು ಎಂಬುದನ್ನು ನಿಯಮ ಹೇಳುವುದಿಲ್ಲ.

ಏವನ್‌ನ ಮಾತೃಸಂಸ್ಥೆ 2024ರ ಆಗಸ್ಟಿನಲ್ಲಿ ಅಮೆರಿಕದ ಕೋರ್ಟಿನಲ್ಲಿ ದಿವಾಳಿ ರಕ್ಷಣೆ ಕೋರಿತು. ಈ ಸಲ ಕಾರಣ ಸೇರ್ಪಡೆಯೂ ಅಲ್ಲ, ಲಂಚವೂ ಅಲ್ಲ. ಟಾಲ್ಕ್ ಪೌಡರಿನಿಂದ ಕ್ಯಾನ್ಸರ್ ಬಂತೆಂದು ಬಳಕೆದಾರರು ಹೂಡಿದ ಮೊಕದ್ದಮೆಗಳು.