ಡೆನ್ಹ್ಯಾಮಿನ ತುತ್ತೂರಿ

ಲಂಡನ್ನಿನ ಪಶ್ಚಿಮಕ್ಕೆ, ಬಕಿಂಗ್‌ಹ್ಯಾಮ್‌ಷೈರಿನ ಅಂಚಿನಲ್ಲಿ, ಡೆನ್ಹ್ಯಾಮ್ ಎಂಬೊಂದು ಹಳ್ಳಿಯುಂಟು. ಹಂಗೇರಿಯಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆನಿಂತ ಅಲೆಕ್ಸಾಂಡರ್ ಕೋರ್ಡಾ ಎಂಬ ಸಾಹಸಿಯು 1936ರಲ್ಲಿ ಅಲ್ಲಿ ವಿಶಾಲವಾದ ಚಲಚ್ಚಿತ್ರ ನಿರ್ಮಾಣಾಲಯವೊಂದನ್ನು ತೆರೆದನು. ಆ ಸ್ಥಳಕ್ಕೂ ನಮ್ಮ ನಾಡಿಗೂ ಒಂದು ಋಣಾನುಬಂಧವಿದೆ. ಮೈಸೂರು ಸೀಮೆಯ ಕಾರಾಪುರದಲ್ಲಿ ಮಾವುತನ ಮಗನಾಗಿ ಹುಟ್ಟಿ ಆನೆಗಳ ಸಹವಾಸದಲ್ಲಿ ಬೆಳೆದ ಸಾಬು ಎಂಬ ಬಾಲಕನನ್ನು 'ಎಲಿಫೆಂಟ್ ಬಾಯ್' ಚಿತ್ರಕ್ಕೆಂದು ಆರಿಸಿಕೊಂಡ ಕೋರ್ಡಾನ ಬಳಗದವರು, ಮೈಸೂರಿನ ಕಾಡುಗಳಲ್ಲಿ ತೆಗೆದ ದೃಶ್ಯಗಳಿಗೆ ಉಳಿದ ಭಾಗವನ್ನು ಕೂಡಿಸುವ ಸಲುವಾಗಿ ಅವನನ್ನು ಕಡಲು ದಾಟಿಸಿ ಕರೆದೊಯ್ದುದು ಇದೇ ಡೆನ್ಹ್ಯಾಮಿಗೆ. ಕೋರ್ಡಾನ ಆಶ್ರಯದಲ್ಲಿಯೇ ಚಿತ್ರಸಂಗೀತಕ್ಕೆ ಕೈಹಾಕಿದ ಮತ್ತೊಬ್ಬ ಹಂಗೇರಿಯನ್ ಮಿಕ್ಲೋಶ್ ರೋಜ಼ಾ. ಯುದ್ಧದ ಕಾರಣದಿಂದ ಬಳಗವೆಲ್ಲ ಅಮೆರಿಕಕ್ಕೆ ಸಾಗಿದ ಮೇಲೆ, 1942ರಲ್ಲಿ, ಸಾಬು ನಟಿಸಿದ 'ಜಂಗಲ್ ಬುಕ್' ಚಿತ್ರಕ್ಕೆ ರೋಜ಼ಾ ರಚಿಸಿದ ಸಂಗೀತವನ್ನು ತಟ್ಟೆಗಳಲ್ಲಿ ಮುದ್ರಿಸಿ ಮಾರಾಟಕ್ಕಿಟ್ಟರು. ವಾದ್ಯವೃಂದದ ನಡುನಡುವೆ ಕಥೆಯನ್ನು ನಿರೂಪಿಸುವ ಕಂಠ ಸಾಬುವಿನದು. ಹಾಡುಕುಣಿತಗಳಿಲ್ಲದ ಚಿತ್ರವೊಂದರ ಹಿನ್ನೆಲೆಯ ಸಂಗೀತವು ಚಿತ್ರದಿಂದ ಬೇರ್ಪಟ್ಟು ಜನರ ಮನೆಗೆ ಬಂದ ಮೊಟ್ಟಮೊದಲ ಪ್ರಸಂಗಗಳಲ್ಲಿ ಅದೊಂದು. ಕಾರಾಪುರದ ಹುಡುಗನೊಬ್ಬನ ದನಿ ಆ ಚರಿತ್ರೆಯ ಹೊಸ್ತಿಲಲ್ಲಿ ಕೇಳುತ್ತಿರುವುದನ್ನು ನೆನೆದಾಗಲೆಲ್ಲ ನನಗೆ ಸಂತೋಷವೂ ವಿಸ್ಮಯವೂ ಉಂಟಾಗುತ್ತವೆ.

ಆ ಬೇರ್ಪಡುವಿಕೆಯ ಮಹತ್ವವನ್ನು ತುಸು ನಿಧಾನವಾಗಿ ವಿವೇಚಿಸಬೇಕು. ಚಿತ್ರ ಊರಿಗೆ ಬರುತ್ತಿತ್ತು, ಕೆಲವು ವಾರ ನಿಲ್ಲುತ್ತಿತ್ತು, ಹೋಗುತ್ತಿತ್ತು. ಅದರೊಡನೆ ಅದರ ಸಂಗೀತವೂ ಹೊರಟುಹೋಗುತ್ತಿತ್ತು. ಪ್ರೇಕ್ಷಕನ ಬಳಿ ಉಳಿಯುತ್ತಿದ್ದುದು ಮಸುಕಾದ ಸ್ಮೃತಿಯೊಂದೇ. ಮುದ್ರಿಕೆ ಮನೆಗೆ ಬಂದಿತೆಂದರೆ ಸಂಗೀತಕ್ಕೆ ಒಂದು ಸ್ಥಿರಪಾಠ ದೊರೆಯಿತೆಂದು ಅರ್ಥ. ಮುಂದೊಂದು ದಿನ ಚಿತ್ರವೇ ಬದಲಾದರೆ, ಬದಲಾಯಿತೆಂದು ಕಂಡುಹಿಡಿಯುವುದಕ್ಕೆ ಬೇಕಾದ ಅಳತೆಗೋಲು ಕೇಳುಗನ ಕೈಗೆ ಹೀಗೆ ಬಂದಿತು. ಆ ಕಾಲದಲ್ಲಿ ಇದನ್ನು ಊಹಿಸಿದವರು ಯಾರೂ ಇದ್ದಿರಲಾರರು.

ಡೆನ್ಹ್ಯಾಮಿನಲ್ಲಿ ಚಿತ್ರನಿರ್ಮಾಣವು 1950ರ ದಶಕದಲ್ಲಿಯೇ ನಿಂತುಹೋಯಿತಾದರೂ ಸಂಗೀತ ಮುದ್ರಣದ ಸಭಾಗೃಹ ಮಾತ್ರ ಉಳಿದುಕೊಂಡಿತು. ಕಾಲಾನಂತರದಲ್ಲಿ ಆನ್ವಿಲ್ ಎಂಬ ಸಂಸ್ಥೆಯವರು ಅದನ್ನು ನಡೆಸುತ್ತಿದ್ದರು. ಅಲ್ಲಿಗೆ 1977ರ ಮಾರ್ಚ್ ತಿಂಗಳಿನಲ್ಲಿ ಲಂಡನ್ ಸಿಂಫನಿ ವಾದ್ಯವೃಂದದವರು ಬಂದಿಳಿದರು. 1904ರಲ್ಲಿ ವಾದಕರೇ ಕೂಡಿ ಕಟ್ಟಿಕೊಂಡು ತಾವೇ ಆಳಿಕೊಂಡು ಬಂದ ಸಂಘವದು. ರಾಜಾಶ್ರಯವನ್ನು ನಂಬಿ ಬದುಕಿದುದಲ್ಲ. ಆರ್ಥರ್ ಬ್ಲಿಸ್ ರಚಿಸಿದ 'ಥಿಂಗ್ಸ್ ಟು ಕಮ್' ಚಿತ್ರದ ಸಂಗೀತವನ್ನು 1935ರಲ್ಲಿ ನುಡಿಸಿದಂದಿನಿಂದ ಚಿತ್ರಗಳ ಕೆಲಸವು ಅವರ ಜೀವನೋಪಾಯದ ಒಂದು ಅಂಗವಾಗಿದ್ದಿತು, ಮತ್ತು ಆ ಚಿತ್ರವೂ ಕೋರ್ಡಾನದೇ. ಈ ಸಲ ಅವರ ಮುಂದೆ ದಂಡ ಹಿಡಿದು ನಿಂತವರು ಸಂಗೀತವನ್ನು ರಚಿಸಿದ ಜಾನ್ ವಿಲಿಯಮ್ಸ್. ಚಿತ್ರದ ಹೆಸರು 'ಸ್ಟಾರ್ ವಾರ್ಸ್'.

ನಿರ್ದೇಶಕ ಜಾರ್ಜ್ ಲೂಕಾಸರು ಚಿತ್ರವನ್ನು ಸಂಕಲಿಸುವಾಗ ಹೋಲ್ಸ್ಟ್ ಮೊದಲಾದ ಹಿಂದಿನ ಸಂಗೀತಕಾರರ ಕೃತಿಗಳನ್ನು ತಾತ್ಕಾಲಿಕವಾಗಿ ಜೋಡಿಸಿಕೊಂಡಿದ್ದರು. ಅಂದಿನ ಅಮೆರಿಕದ ಚಿತ್ರಗಳಲ್ಲಿ ಜನಪ್ರಿಯ ಹಾಡುಗಳ ಮತ್ತು ವಿದ್ಯುದ್ವಾದ್ಯಗಳ ಹಾವಳಿ ಹೆಚ್ಚಾಗಿ, ದೊಡ್ಡ ವಾದ್ಯವೃಂದವೆಂಬುದು ಅಜ್ಜನ ಕಾಲದ ಪೆಟಾರಿಯಂತೆ ಮೂಲೆ ಸೇರಿತ್ತು. ವಿಯೆನ್ನಾದ ಗೀತನಾಟಕ ಪರಂಪರೆಯಿಂದ ಹಾಲಿವುಡ್ಡಿಗೆ ಬಂದ ಎರಿಖ್ ಕೋರ್ನ್‌ಗೋಲ್ಡರು 1938ರ 'ರಾಬಿನ್ ಹುಡ್' ಚಿತ್ರದಲ್ಲಿ ಮೆರೆಸಿದ ಶೈಲಿ ಯಾವುದೋ, ಒಂದೊಂದು ಪಾತ್ರಕ್ಕೂ ಒಂದೊಂದು ಭಾವಕ್ಕೂ ತನ್ನದೇ ಸ್ವರಲಾಂಛನವನ್ನು ಕೊಟ್ಟು, ಕಥೆ ತಿರುಗಿದಂತೆ ಆ ಲಾಂಛನಗಳನ್ನು ತಿರುಗಿಸುವ ವಾಗ್ನರನ ವಿಧಾನ ಯಾವುದೋ, ಅದನ್ನೇ ವಿಲಿಯಮ್ಸರು ಮರಳಿ ಕೈಗೆತ್ತಿಕೊಂಡರು. ನೋಡುಗನ ಕಣ್ಣಿಗೆ ಹಿಂದೆಂದೂ ಕಾಣದ ಲೋಕಗಳು ಕಾಣುವುದರಿಂದ ಅವನ ಕಿವಿಗಾದರೂ ಪರಿಚಿತವಾದ ಭಾವಭಾಷೆ ಇರಲೆಂಬ ಈ ನಿರ್ಧಾರವು, ನನ್ನ ದೃಷ್ಟಿಯಲ್ಲಿ, ಆ ಚಿತ್ರದ ಜೀವವನ್ನೇ ಉಳಿಸಿತು.

ಮೊದಲ ತುತ್ತೂರಿ ಮಾರಿಸ್ ಮರ್ಫಿಯವರದು. ಯಾರ್ಕ್‌ಷೈರಿನ ಬಟ್ಟೆಗಿರಣಿಯೊಂದರ ಆಶ್ರಯದಲ್ಲಿ ಬೆಳೆದ ಬ್ಲಾಕ್ ಡೈಕ್ ಮಿಲ್ಸ್ ಎಂಬ ಹಿತ್ತಾಳೆ ವಾದ್ಯಗಳ ಮೇಳದಲ್ಲಿ ಪ್ರಧಾನ ವಾದಕರಾಗಿದ್ದ ಅವರು ಲಂಡನ್ ವೃಂದಕ್ಕೆ ಪ್ರಧಾನ ತುತ್ತೂರಿಗಾರರಾಗಿ ಬಂದ ಮೊದಲ ದಿನದ ಕೆಲಸವೇ ಈ ಮುದ್ರಣ. ನೂಲಿನ ಗಿರಣಿಯ ಊರಿನಲ್ಲಿ ಹದಗೊಂಡ ಆ ಉಸಿರು ನಕ್ಷತ್ರಮಂಡಲಗಳ ಕಥೆಗೆ ನಾಂದಿಯನ್ನು ಊದಿತು. ಟ್ವೆಂಟಿಯೆತ್ ಸೆಂಚುರಿ ಫಾಕ್ಸ್ ಸಂಸ್ಥೆಯ ಲಾಂಛನದೊಡನೆ ಮೊಳಗುವ ಆಲ್‌ಫ್ರೆಡ್ ನ್ಯೂಮನ್ ರಚಿತವಾದ ಹಳೆಯ ಜಯಘೋಷವನ್ನು ಚಿತ್ರದ ಮೊದಲಿಗೆ ಇರಿಸಿದುದರಿಂದ, ವಿಲಿಯಮ್ಸರ ನಾಂದಿಯೂ ಅದೇ ಶ್ರುತಿಯಲ್ಲಿ ಎದ್ದು ನಿಂತಿತು. ಎರಡೂ ಸೇರಿ ಒಂದೇ ಉಸಿರಿನ ಎರಡು ಪಾದಗಳಾದುವು.

ಚಿತ್ರವು 1977ರ ಮೇ 25ರಂದು ತೆರೆಕಂಡಿತು. ಎರಡು ತಟ್ಟೆಗಳ ಮುದ್ರಿಕೆ ಅದರ ಬೆನ್ನಿಗೇ ಬಂದು ದೊಡ್ಡ ಸಂಖ್ಯೆಯಲ್ಲಿ ಮಾರಾಟವಾಯಿತು. ಚಿತ್ರವನ್ನು ಮನೆಯಲ್ಲಿ ನೋಡುವ ಅನುಕೂಲ 1982ರವರೆಗೆ ಒದಗಲಿಲ್ಲವೆಂಬುದನ್ನು ಇಲ್ಲಿ ಮರೆಯಬಾರದು. ಆ ಐದು ವರ್ಷ ಒಂದಿಡೀ ಪೀಳಿಗೆಯ ಹುಡುಗರು ಮುದ್ರಿಕೆಯನ್ನು ತಿರುಗಿಸಿ ಕಣ್ಣು ಮುಚ್ಚಿ ಕುಳಿತು ಚಿತ್ರವನ್ನು 'ನೋಡಿದರು'. ಎರಡು ಸೂರ್ಯರು ಮುಳುಗುವ ದಿಗಂತ ಯಾವ ಸ್ವರಕ್ಕೆ ಬರುತ್ತದೆ, ನೌಕೆಗಳು ಕೋಟೆಯ ಮೇಲೆರಗುವ ಘಳಿಗೆಯಲ್ಲಿ ತುತ್ತೂರಿ ಎಷ್ಟು ಹೊತ್ತು ನಿಲ್ಲುತ್ತದೆ, ಎಂಬುದೆಲ್ಲ ಅವರಿಗೆ ಕಂಠಪಾಠವಾಯಿತು. ಬಾಲ್ಯದಲ್ಲಿ ಗಮಕಿಗಳ ಬಾಯಿಂದ ಭಾರತವನ್ನು ಕೇಳಿ ಕಲಿತವನು ಒಂದು ಮಾತ್ರೆ ಜಾರಿದರೂ ತಲೆಯೆತ್ತಿ ನೋಡುವನಲ್ಲವೆ? ಇವರ ಕಿವಿಯೂ ಹಾಗೆಯೇ ಹದಗೊಂಡಿತು.

ಇಂಥವರು ಒಬ್ಬರನ್ನೊಬ್ಬರು ಹುಡುಕಿಕೊಂಡು ಕಾಗದ ಬರೆಯುತ್ತಲೂ, ತಮ್ಮದೇ ಪತ್ರಿಕೆಗಳನ್ನು ಹಂಚುತ್ತಲೂ ನಡೆಸಿದ ಚರ್ಚೆ ಬರಿಯ ಹೊಗಳಿಕೆಯಾಗಿರಲಿಲ್ಲ. ಮೊದಲ ಚಿತ್ರದಲ್ಲಿ ವೃದ್ಧ ಬೆನ್ ಕೆನೋಬಿಯ ಲಾಂಛನವಾಗಿದ್ದ ರಾಗವು ಮುಂದೆ ಕಥೆಯ ಅಧಿದೇವತೆಯಾದ ಶಕ್ತಿಯ ಲಾಂಛನವಾಗಿ ಬೆಳೆದುದನ್ನು ಅವರು ಗುರುತಿಸಿದರು. ಖಳನಾಯಕ ವೇಡರನ ಪ್ರಸಿದ್ಧವಾದ ದಂಡಯಾತ್ರೆಯ ರಾಗವು 1977ರ ಚಿತ್ರದಲ್ಲಿ ಇರಲೇ ಇಲ್ಲ, 1980ರ ಎರಡನೆಯ ಚಿತ್ರದಲ್ಲಿ ಹುಟ್ಟಿತು, ಎಂಬುದನ್ನು ಎತ್ತಿ ತೋರಿಸಿದರು. ಅದೇ ಸರಣಿಯ 1999ರ 'ಫ್ಯಾಂಟಮ್ ಮೆನೇಸ್' ಚಿತ್ರದ ಕೊನೆಯಲ್ಲಿ ಮಕ್ಕಳ ಕಂಠದ ವಿಜಯೋತ್ಸವದ ಹಾಡಿದೆ. ಅದನ್ನು ಎಚ್ಚರದಿಂದ ಆಲಿಸಿದವರು, ಅದು ದುಷ್ಟ ಚಕ್ರವರ್ತಿಯ ರಾಗವೇ ಸಂತೋಷದ ವೇಷ ತೊಟ್ಟು ಬಂದುದೆಂದು ಕಂಡುಹಿಡಿದರು. ಜನರು ಜಯವೆಂದು ಕುಣಿಯುತ್ತಿರುವಾಗ ಗೆದ್ದವನು ಯಾರೆಂಬುದನ್ನು ಸಂಗೀತವು ಕಿವಿಯಲ್ಲಿ ಪಿಸುಗುಟ್ಟುತ್ತದೆ. ಇದನ್ನು ಧ್ವನಿಯೆನ್ನದೆ ಇನ್ನೇನೆನ್ನೋಣ? ಆನಂದವರ್ಧನನ ವಂಶಸ್ಥರಾದ ನಮಗೆ ಅದನ್ನು ವಿವರಿಸಿ ಹೇಳಬೇಕಾದುದಿಲ್ಲ.

ಆ 'ಫ್ಯಾಂಟಮ್ ಮೆನೇಸ್' ಚಿತ್ರದಲ್ಲಿಯೇ ದ್ವಂದ್ವಯುದ್ಧದ ದೃಶ್ಯಕ್ಕೆ ವಿಲಿಯಮ್ಸರು ವೃಂದಗಾನವನ್ನು ಬಳಸಿದರು. ವೇಲ್ಸ್ ದೇಶದ ಪುರಾತನ ಕವನವೊಂದರ ತುಣುಕನ್ನು ಸಂಸ್ಕೃತಕ್ಕೆ ತಿರುಗಿಸಿ, ಅದರ ಅಕ್ಷರಗಳನ್ನು ನಾದಕ್ಕೆ ಒಗ್ಗುವಂತೆ ಹಿಂದುಮುಂದು ಮಾಡಿ, ಲಂಡನ್ನಿನ ಗಾಯಕರಿಂದ ಹಾಡಿಸಿದರು. ಸಂಸ್ಕೃತ ಬಲ್ಲವನು ಅದರಲ್ಲಿ ಅನ್ವಯವನ್ನು ಹುಡುಕಹೊರಟರೆ ದಣಿದಾನು. ಆದರೂ ಪದದ ಅರ್ಥ ಕಳಚಿಹೋದ ಮೇಲೆಯೂ ಮಹಾಪ್ರಾಣಗಳಿಗೆ ಒಂದು ಗಾಂಭೀರ್ಯ ಉಳಿಯುತ್ತದೆಂಬುದನ್ನು ಆ ಗಾನ ನನಗೆ ಮನಗಾಣಿಸಿದೆ.

ಇನ್ನು ಪಾಠಾಂತರಗಳ ವಿಷಯ. 1997ರ ಜನವರಿಯಿಂದ ಮಾರ್ಚ್‌ವರೆಗೆ 1977, 1980, 1983ರ ಮೂರು ಹಳೆಯ ಚಿತ್ರಗಳೂ 'ವಿಶೇಷ ಆವೃತ್ತಿ' ಎಂಬ ಹೆಸರಿನಲ್ಲಿ ಮರಳಿ ತೆರೆಗೆ ಬಂದುವು. ಹೊಸ ಯಂತ್ರಕೌಶಲದಿಂದ ಹೊಸ ದೃಶ್ಯಗಳನ್ನು ಸೇರಿಸಿದ್ದರು. ಮದ್ಯಶಾಲೆಯಲ್ಲಿ ಕಥಾನಾಯಕರಲ್ಲೊಬ್ಬನಾದ ಹಾನ್ ಸೋಲೋ ಮೊದಲು ಗುಂಡು ಹಾರಿಸಿದನೋ ಅವನ ಎದುರಾಳಿಯೋ ಎಂಬ ವಿವಾದ ಲೋಕಪ್ರಸಿದ್ಧವಾಯಿತು. ಸಂಗೀತದ ರಸಿಕರಿಗೆ ಅದಕ್ಕಿಂತ ಹೆಚ್ಚು ನೋವು ತಂದವು ಮೂರನೆಯ ಚಿತ್ರದ ಎರಡು ಮಾರ್ಪಾಡುಗಳು. ಖಳ ಜಬ್ಬಾನ ಆಸ್ಥಾನದಲ್ಲಿ 1983ರಲ್ಲಿ ಕೇಳಿಬಂದ 'ಲಾಪ್ಟಿ ನೆಕ್' ಎಂಬ ಹಾಡನ್ನು ತೆಗೆದು ಬೇರೊಬ್ಬ ಸಂಗೀತಗಾರರ ಹೊಸ ಹಾಡನ್ನು ಕೂಡಿಸಿದರು. ಚಿತ್ರದ ಅಂತ್ಯದಲ್ಲಿ ಈವಾಕ್ ಎಂಬ ಕಾಡುಜನರು, ಸೋತ ಸೈನಿಕರ ಶಿರಸ್ತ್ರಾಣಗಳನ್ನೇ ಮದ್ದಳೆ ಮಾಡಿಕೊಂಡು, ಹಾಡಿ ಕುಣಿಯುತ್ತಿದ್ದ ಹಾಡನ್ನೂ ಅಳಿಸಿ, ಅಲ್ಲಿ ವಿಲಿಯಮ್ಸರೇ ಹೊಸತಾಗಿ ರಚಿಸಿದ ಗಂಭೀರವಾದ ವಿಜಯಗೀತವನ್ನಿಟ್ಟರು. ದೃಶ್ಯವೂ ಕಾಡಿನಿಂದ ಹೊರಟು ದೂರದ ಗ್ರಹಗಳ ನಗರಗಳಿಗೆ ವಿಸ್ತರಿಸಿತು.

ಹೊಸ ಗೀತ ಸುಂದರವಾಗಿದೆ. ಕೊಳಲಿನ ಆ ವಿಷಾದಮಿಶ್ರಿತ ಆನಂದ ಹಳೆಯದರಲ್ಲಿಲ್ಲ. ಆದರೂ ನಾನು ಹಳೆಯ ಹಾಡಿನ ಪಕ್ಷ. ಸಾಮ್ರಾಜ್ಯವೊಂದನ್ನು ಉರುಳಿಸಿದ ಮಹಾಯುದ್ಧದ ಕಥೆ ಊರಹಬ್ಬದ ಕುಣಿತದಲ್ಲಿ, ಉರಿಯ ಸುತ್ತ ಕೂಡಿದ ಹತ್ತು ಜನರ ನಗುವಿನಲ್ಲಿ ಮುಗಿಯುತ್ತಿದ್ದುದು ನನಗೆ ಮನುಷ್ಯಸಹಜವಾಗಿ ಕಂಡಿತ್ತು. ಗೆಲವು ಯಾರದು, ಆ ಕಾಡಿನವರದೋ ನಕ್ಷತ್ರಮಂಡಲದ್ದೋ, ಎಂಬ ಪ್ರಶ್ನೆಗೆ 1983ರ ಹಾಡು ಒಂದು ಉತ್ತರವನ್ನು ಕೊಟ್ಟಿತು, 1997ರ ಗೀತ ಮತ್ತೊಂದನ್ನು. ಎರಡನ್ನೂ ಕೊಟ್ಟವರು ಒಬ್ಬರೇ ಸಂಗೀತಕಾರರು.

ನಮ್ಮ ಗ್ರಂಥಸಂಪಾದಕರು ಓಲೆಗರಿಗಳನ್ನು ಮುಂದಿಟ್ಟುಕೊಂಡು, ಇದು ಕವಿಯ ಪಾಠ, ಇದು ಲಿಪಿಕಾರನ ಕೈವಾಡ, ಇದು ಪ್ರಕ್ಷಿಪ್ತ, ಎಂದು ಬೇರ್ಪಡಿಸುವ ಪರಿಶ್ರಮವನ್ನು ಬಲ್ಲವರಿಗೆ ಈ ರಸಿಕರ ಪರಿಶ್ರಮ ವಿಚಿತ್ರವೆನಿಸದು. ಭೇದವೊಂದೇ: ಅಲ್ಲಿ ಕವಿ ತೀರಿಹೋಗಿ ಪಾಠ ಚದುರಿತು, ಇಲ್ಲಿ ಕರ್ತೃವೇ ಬದುಕಿದ್ದು ತನ್ನ ಕೈಯಾರೆ ತಿದ್ದಿದನು. ಅವನಿಗೆ ಆ ಅಧಿಕಾರವಿಲ್ಲವೆನ್ನುವುದಕ್ಕೆ ನನಗೆ ಧೈರ್ಯ ಸಾಲದು. ಆದರೆ ಹಳೆಯ ಪ್ರತಿಯನ್ನು ಕಾಣಗೊಡದೆ ಮರೆಮಾಡುವ ಅಧಿಕಾರ ಅವನಿಗುಂಟೆಂದು ಒಪ್ಪಲಾರೆ. ಹಳೆಯ ಕಪ್ಪುಬಿಳುಪಿನ ಚಿತ್ರಗಳಿಗೆ ಒಡೆಯರು ಬಣ್ಣ ಬಳಿಯಹೊರಟಾಗ, 1988ರಲ್ಲಿ ಅಮೆರಿಕದ ಶಾಸನಸಭೆಯ ಮುಂದೆ ನಿಂತು, ಕಲಾಕೃತಿಗಳನ್ನು ಹೀಗೆ ವಿಕಾರಗೊಳಿಸಬಾರದೆಂದು ವಾದಿಸಿದವರಲ್ಲಿ ಲೂಕಾಸರೂ ಒಬ್ಬರು. ಮರುವರ್ಷ ಆ ರಾಷ್ಟ್ರವು ಸಂರಕ್ಷಿಸಬೇಕಾದ ಚಿತ್ರಗಳ ಮೊದಲ ಪಟ್ಟಿಯನ್ನು ಮಾಡಿದಾಗ ಇಪ್ಪತ್ತೈದರಲ್ಲಿ 'ಸ್ಟಾರ್ ವಾರ್ಸ್' ಒಂದಾಗಿತ್ತು. ಅವರ ಅಂದಿನ ಮಾತುಗಳನ್ನು ರಸಿಕರು ಇಂದಿಗೂ ಆದರದಿಂದ ಸ್ಮರಿಸುತ್ತಾರೆ.

ಮಾರ್ಪಾಡುಗಳು ಅಲ್ಲಿಗೆ ನಿಲ್ಲಲಿಲ್ಲ. ಮೊದಲ ಚಿತ್ರದ 2004ರ ಡಿವಿಡಿ ಆವೃತ್ತಿಯಲ್ಲಿ, ನೌಕೆಗಳು ಕೋಟೆಯ ಮೇಲೆರಗುವ ಕ್ಷಣದ ತುತ್ತೂರಿ ಇತರ ಸದ್ದುಗಳ ಅಡಿಯಲ್ಲಿ ಹೂತುಹೋಗಿತ್ತು. ಹಿಂಬದಿಯ ಧ್ವನಿವರ್ಧಕಗಳಲ್ಲಿ ಸಂಗೀತದ ಎಡವು ಬಲವಾಗಿ ಬಲವು ಎಡವಾಗಿತ್ತು. ಕಣ್ಣಿನಿಂದ ನೋಡಿದವರಿಗೆ ಇದಾವುದೂ ಗೋಚರಿಸದು. ಮುದ್ರಿಕೆಯನ್ನು ಬಾಯಿಪಾಠ ಮಾಡಿದವರೇ ಅದನ್ನು ಹಿಡಿದರು. ಮೂರನೆಯ ಚಿತ್ರದ 2011ರ ಆವೃತ್ತಿಯಲ್ಲಾದುದು ಇನ್ನೂ ದೊಡ್ಡದು: ವೇಡರನು ಮಗನ ಪ್ರಾಣವನ್ನುಳಿಸುವುದಕ್ಕಾಗಿ ಒಡೆಯನನ್ನೇ ಎತ್ತಿ ಪಾತಾಳಕ್ಕೆಸೆಯುವ ದೃಶ್ಯದಲ್ಲಿ, ಮುಖವಾಡದ ಹಿಂದಿನ ಹೃದಯಪರಿವರ್ತನೆಯನ್ನು ಮೊದಲು ವಾದ್ಯವೃಂದವೊಂದೇ ನುಡಿಯುತ್ತಿತ್ತು, ಅಲ್ಲೀಗ ಆ ಪಾತ್ರದ ಬಾಯಲ್ಲಿ ಬೇಡವೆಂಬ ಕೂಗನ್ನು ಸೇರಿಸಿದರು. ಮೌನಿಯ ಪರವಾಗಿ ಸಂಗೀತ ಆಡಿದ ಮಾತಿನ ಮೇಲೆ ಮತ್ತೊಂದು ಮಾತನ್ನು ಹೇರಿದುದನ್ನು ನನ್ನ ಮನಸ್ಸು ಇಂದಿಗೂ ಒಪ್ಪಿಲ್ಲ. 2012ರಲ್ಲಿ ಈ ಚಿತ್ರಗಳ ಸಂಸ್ಥೆ ಡಿಸ್ನಿಯವರ ವಶವಾದ ಮೇಲೆ, 2015ರ ಹೊಸ ಚಿತ್ರದ ಮೊದಲಿಗೆ ಫಾಕ್ಸ್ ಸಂಸ್ಥೆಯ ಜಯಘೋಷ ಇರಲಿಲ್ಲ. ಸ್ವಾಮ್ಯದ ನ್ಯಾಯದಂತೆ ಅದು ಸರಿಯೇ. ಆದರೆ ಮೂವತ್ತೆಂಟು ವರ್ಷ ಎರಡು ಪಾದಗಳನ್ನು ಒಂದಾಗಿ ಕೇಳಿದ ಕಿವಿಗೆ ಮೊದಲ ಪಾದದ ಸ್ಥಾನದಲ್ಲಿ ಮೌನವೇ ಎದುರಾಯಿತು.

1983ರ ಆ ಹಳೆಯ ಹಾಡುಗಳೆರಡೂ ಎಲ್ಲಿ ಉಳಿದುವು? 1993ರಲ್ಲಿ ನಾಲ್ಕು ಸಿ.ಡಿ.ಗಳ ಪೆಟ್ಟಿಗೆಯೊಂದನ್ನು ಹೊರತಂದಿದ್ದರು. ಅದರಲ್ಲಿ ಇವು ಇವೆ, ಆದುದರಿಂದಲೇ ಹಲವರು ಅದನ್ನು ಕೈಬಿಡದೆ ಕಾದಿಟ್ಟುಕೊಂಡಿದ್ದಾರೆ. ಚಿತ್ರದ ಮೂಲರೂಪವನ್ನು ಹಳೆಯ ರೀಲುಗಳಿಂದ ತಾವೇ ಪುನಃ ಕಟ್ಟಿದ ಶ್ರದ್ಧಾವಂತರೂ ಉಂಟು. ಇವರ ಹೆಸರು ಯಾವ ಶೀರ್ಷಿಕೆಯಲ್ಲಿಯೂ ಬಾರದು.

ಡೆನ್ಹ್ಯಾಮಿನ ಸಭಾಗೃಹವು 1980ರಲ್ಲಿ ಮುಚ್ಚಿತು; ಬಳಿಕ ಅದನ್ನು ಕೆಡವಿದರು. ಮೂರನೆಯ ಚಿತ್ರದ ಸಂಗೀತವನ್ನು ಆಬಿ ರೋಡಿನಲ್ಲಿ ಮುದ್ರಿಸಬೇಕಾಯಿತು. ಮರ್ಫಿಯವರು 2010ರಲ್ಲಿ ತೀರಿಕೊಂಡರು. ಚಿತ್ರಗಳನ್ನು ಮಾರ್ಪಡಿಸಿದ ಆ 1997ನೆಯ ಇಸವಿಯಲ್ಲಿಯೇ ಮೊದಲ ಚಿತ್ರದ ಸಂಗೀತವನ್ನು ಎರಡು ಸಿ.ಡಿ.ಗಳಲ್ಲಿ ಸಮಗ್ರವಾಗಿ ಪ್ರಕಟಿಸಿದರು. ಮೊದಲನೆಯದರ ಕೊನೆಯ ರಚನೆ ಮುಗಿದ ಬಳಿಕ ಕೆಲಹೊತ್ತು ಏನೂ ಕೇಳಿಸುವುದಿಲ್ಲ. ಮುಗಿಯಿತೆಂದು ಎದ್ದುಹೋಗದೆ ಕುಳಿತವರಿಗೆ, ಆ ಮಾರ್ಚ್ ತಿಂಗಳಿನಲ್ಲಿ ನಾಂದಿಯನ್ನು ನುಡಿಸಿ, ನಿಲ್ಲಿಸಿ, ಮತ್ತೆ ನುಡಿಸಿದ ಪ್ರಯತ್ನಗಳು ಒಂದಾದಮೇಲೊಂದು ಕೇಳಿಬರುತ್ತವೆ. ಈಗ ಗೋಡೆಗಳೂ ಉಳಿಯದ ಆ ಮನೆಯಲ್ಲಿ, ಯಾವ ಪಾಠ ನಿಲ್ಲಬೇಕೆಂಬುದು ಇನ್ನೂ ನಿಶ್ಚಯವಾಗದಿದ್ದ ಆ ಹೊತ್ತಿನಲ್ಲಿ, ಕೆಲಸಕ್ಕೆ ಹೊಸಬರಾದ ತುತ್ತೂರಿಗಾರರು ಮತ್ತೊಮ್ಮೆ ಉಸಿರೆಳೆದುಕೊಳ್ಳುತ್ತಾರೆ.