ಮನಸ್ಸನ್ನು ಅಳೆಯ ಹೊರಟವರು

ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರನ್ನು ಆಳುತ್ತಿದ್ದ ದಿನಗಳಲ್ಲಿ, ಮನುಷ್ಯನ ಮನಸ್ಸನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬಹುದೆಂಬ ವಿಚಾರ ಈ ಸೀಮೆಗೆ ಬಂದಿತು. 1905ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕೆ ಪ್ರಾಯೋಗಿಕ ಮನಶ್ಶಾಸ್ತ್ರದ ಪಠ್ಯಕ್ರಮ ರಚಿಸಿಕೊಟ್ಟಿದ್ದ ಬ್ರಜೇಂದ್ರನಾಥ ಸೀಲರು 1921ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. ಅವರ ಕಾಲದಲ್ಲೇ, 1924ರಲ್ಲಿ, ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ವಿಭಾಗವನ್ನು ಕಟ್ಟತೊಡಗಿದರು. ಮನೆಯಲ್ಲೇ ಪ್ರಸಾರಯಂತ್ರವಿಟ್ಟು 1935ರಲ್ಲಿ ಆಕಾಶವಾಣಿ ಎಂಬ ಬಾನುಲಿ ಕೇಂದ್ರವನ್ನು ಆರಂಭಿಸಿದವರೆಂದು ನಾಡು ಅವರನ್ನು ನೆನೆಯುತ್ತದೆ. ಅವರ ಪ್ರಯೋಗಶಾಲೆಗೂ ಅಷ್ಟೇ ಗೌರವ ಸಲ್ಲಬೇಕೆಂದು ನನ್ನ ಭಾವನೆ. ಕೈಯನ್ನು ನೇರವಾಗಿ ನೋಡದೆ ಕನ್ನಡಿಯಲ್ಲಿ ನೋಡಿಕೊಂಡು ಗೆರೆ ಎಳೆಯುವಾಗ ಮನುಷ್ಯ ಹೇಗೆ ತಪ್ಪುತ್ತಾನೆ, ಹೇಗೆ ತಿದ್ದಿಕೊಳ್ಳುತ್ತಾನೆ ಎಂಬುದನ್ನು ಅವರು ಲಂಡನ್ನಿನಲ್ಲಿ ಅಭ್ಯಸಿಸಿದ್ದರು. ಊಹೆಯನ್ನು ಬದಿಗಿಟ್ಟು, ಕಂಡದ್ದನ್ನು ಬರೆದಿಡುವ ಆ ಶಿಸ್ತು ಮೈಸೂರಿನ ವಿದ್ಯಾರ್ಥಿಗಳಿಗೆ ದೊರೆಯಿತು.

ಅತ್ತ ಮುಂಬಯಿ ಕರ್ನಾಟಕದ ಧಾರವಾಡದಲ್ಲಿ ವಿ.ವಿ. ಕಾಮತರು ಇನ್ನೊಂದು ಕಠಿಣ ಪ್ರಶ್ನೆಗೆ ಕೈಹಾಕಿದರು. ಬುದ್ಧಿಯನ್ನು ಅಳೆಯಲು ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕೆಯಲ್ಲಿ ಬೆಳೆದ ಬಿನೆ ಪರೀಕ್ಷೆಯಲ್ಲಿ ಅಲ್ಲಿನ ಮಕ್ಕಳು ಕಂಡ ವಸ್ತುಗಳು, ಅಲ್ಲಿನ ಮನೆಮಾತು ತುಂಬಿದ್ದವು. ಅರಕಲಗೂಡಿನ ರಾಗಿ ಹೊಲದ ಅಂಚಿನಲ್ಲಿ ಬೆಳೆದ ಮಗುವಿನ ಮುಂದೆ ಅದನ್ನೇ ಇಟ್ಟು, ಉತ್ತರ ಬಾರದಿದ್ದಾಗ ಮಂದಬುದ್ಧಿ ಎಂದು ಬರೆದುಬಿಟ್ಟರೆ ದೋಷ ಯಾರದು? ಕಾಮತರು ಆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ತಿದ್ದಿದರು, ಇಲ್ಲಿನ ಮಕ್ಕಳ ಮೇಲೆಯೇ ಪ್ರಯೋಗಿಸಿ ಆಯಾ ವಯಸ್ಸಿಗೆ ತಕ್ಕ ಮಾನದಂಡಗಳನ್ನು ಗೊತ್ತುಮಾಡಿದರು, 1940ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ದಶಕಗಳ ಕಾಲ ಆಸ್ಪತ್ರೆಗಳಲ್ಲಿ ಬಳಕೆಯಾಯಿತು. ಅಳತೆಗೋಲು ಸರಿಯಿಲ್ಲದೆ ಕೊಟ್ಟ ತೀರ್ಪು ಮಗುವಿನ ಬಾಳಿಗೇ ಅಂಟಿಕೊಳ್ಳುತ್ತದೆ. ಆದ್ದರಿಂದ ಕಾಮತರ ಕೆಲಸವನ್ನು ವಿಧಾನದ ತಿದ್ದುಪಡಿ ಎಂದಷ್ಟೇ ಕರೆದರೆ ಸಾಲದು. ಅದು ನ್ಯಾಯದ ಕೆಲಸ.

ಆದರೆ ಮಕ್ಕಳ ಪರೀಕ್ಷೆಗಿಂತ ಗಹನವಾದ ಪ್ರಸಂಗ ಬೆಂಗಳೂರಿನ ಮಾನಸಿಕ ಆಸ್ಪತ್ರೆಯದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮನೆಗಳಲ್ಲಿ ಒಬ್ಬರ ಬುದ್ಧಿ ಕದಡಿತೆಂದರೆ ಮೊದಲು ಹರಕೆ, ಬಳಿಕ ಯಂತ್ರ-ತಾಯಿತ, ಏನೂ ಆಗದಿದ್ದಾಗ ಬೆಂಗಳೂರಿನ ದಾರಿ. ಹಿಂದೆ ಹುಚ್ಚಾಸ್ಪತ್ರೆ ಎನಿಸಿಕೊಂಡಿದ್ದ ಆ ಸಂಸ್ಥೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂದಿತ್ತು. ಅದರ ಮೇಲ್ವಿಚಾರಕರಾಗಿದ್ದ ಡಾ. ಎಂ.ವಿ. ಗೋವಿಂದಸ್ವಾಮಿಯವರು ವಿದ್ವಾಂಸರು, ರೋಗಿಗಳ ಹಿತ ಬಯಸಿದವರು. ಪೋರ್ಚುಗಲ್ಲಿನ ಎಗಾಸ್ ಮೋನಿಜ್ 1935ರಲ್ಲಿ ಆರಂಭಿಸಿದ್ದ ಮಿದುಳಿನ ಶಸ್ತ್ರಕ್ರಿಯೆಯನ್ನು ಅವರೂ ಶಸ್ತ್ರವೈದ್ಯ ಬಾಲಕೃಷ್ಣರಾಯರೂ ಇಲ್ಲಿನ ರೋಗಿಗಳ ಮೇಲೆ ನಡೆಸಿ, 1944ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ಹಣೆಯ ಹಿಂಭಾಗದ ಮಿದುಳಿನ ನರತಂತುಗಳನ್ನು ಕತ್ತರಿಸುವ ಚಿಕಿತ್ಸೆ ಅದು. ಕತ್ತರಿಸಿದ್ದು ಮತ್ತೆ ಕೂಡುವುದಿಲ್ಲ.

ಆ ಕಾಲದ ಬ್ರಿಟಿಷ್ ಭಾರತದ ಕಾನೂನು 1912ರ ಭಾರತೀಯ ಉನ್ಮಾದ ಕಾಯಿದೆ. ಯಾರನ್ನು ಒಳಗೆ ಸೇರಿಸಬೇಕು, ಯಾರ ಆಜ್ಞೆಯಿಂದ, ಹೇಗೆ ಬಿಡಬೇಕು ಎಂಬುದೇ ಅದರ ಮುಖ್ಯ ಚಿಂತೆ. ಒಳಗಿದ್ದವನ ಮೇಲೆ ಸಂಶೋಧನೆ ನಡೆಸುವ ಮುನ್ನ ಅವನನ್ನು ಕೇಳಬೇಕೆಂಬ ನಿಯಮ ಅದರಲ್ಲಿರಲಿಲ್ಲ. ನಾತ್ಸಿ ವೈದ್ಯರ ವಿಚಾರಣೆಯ ಬಳಿಕ 1947ರಲ್ಲಿ ಬಂದ ನ್ಯೂರೆಂಬರ್ಗ್ ಸಂಹಿತೆಗೆ ಇನ್ನೂ ಮೂರು ವರ್ಷವಿತ್ತು. ಪರಿಣಾಮಕಾರಿ ಔಷಧಿಗಳಿಲ್ಲದ ಆ ದಿನಗಳಲ್ಲಿ, ತುಂಬಿದ ವಾರ್ಡುಗಳ ನಡುವೆ ನಿಂತ ವೈದ್ಯರಿಗೆ ಏನಾದರೂ ಮಾಡಲೇಬೇಕೆನಿಸಿದ್ದು ಅರ್ಥವಾಗುತ್ತದೆ. ಅವರನ್ನು ಕ್ರೂರಿಗಳೆನ್ನಲಾರೆ. ಆದರೂ ಗೋವಿಂದಸ್ವಾಮಿಯವರ ಹೆಸರು ಚರಿತ್ರೆಯಲ್ಲಿ ಉಳಿದಿದೆ, ಆ ರೋಗಿಗಳ ಹೆಸರು ಉಳಿದಿಲ್ಲ. ಈ ಕಥನವನ್ನು ಬರೆಯುವವರು ಅವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

1954ರ ಡಿಸೆಂಬರ್ 27ರಂದು ಅದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಉದ್ಘಾಟನೆಯಾಯಿತು. ಗೋವಿಂದಸ್ವಾಮಿಯವರೇ ಮೊದಲ ನಿರ್ದೇಶಕರು. ಹಾಸನ ಸೀಮೆಯಲ್ಲಿ ಹುಟ್ಟಿದ ಸಾ.ಕೃ. ರಾಮಚಂದ್ರ ರಾಯರು ಅಲ್ಲಿ ಮನಶ್ಶಾಸ್ತ್ರ ಬೋಧಿಸಿದರು. ಸಂಸ್ಕೃತ, ಪಾಳಿ ಬಲ್ಲ ಅವರು ಭಾರತೀಯ ಚಿಂತನೆಯಲ್ಲಿ ಮನಸ್ಸಿನ ವಿಚಾರ ಬೆಳೆದುಬಂದ ಬಗೆಯನ್ನು 1962ರಲ್ಲಿ ಗ್ರಂಥವಾಗಿ ಬರೆದರು. 1974ರಲ್ಲಿ ಆಸ್ಪತ್ರೆ, ಸಂಸ್ಥೆ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು.

ಸಂಶೋಧನೆಗೆ ಮುನ್ನ ರೋಗಿಯನ್ನು ಕೇಳುವ ನಿಯಮ ಮಾತ್ರ ತಡವಾಗಿಯೇ ಬಂತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮಾನವರ ಮೇಲಿನ ಸಂಶೋಧನೆಗೆ ನೀತಿಸೂತ್ರಗಳನ್ನು ಹೊರಡಿಸಿದ್ದು 1980ರಲ್ಲಿ. ಮಾನಸಿಕ ರೋಗಿಯನ್ನು ಸಂಶೋಧನೆಗೆ ಬಳಸಿಕೊಳ್ಳಲು ಷರತ್ತು ಹಾಕಿದ ಕಾಯಿದೆ 1987ರದು, ಅದು ಜಾರಿಗೆ ಬಂದದ್ದು 1993ರಲ್ಲಿ. ಅಂದರೆ ಲ್ಯಾನ್ಸೆಟ್ ವರದಿಯ 49 ವರ್ಷಗಳ ಮೇಲೆ. ಬರಿಯ ಸಂದರ್ಶನಕ್ಕೂ ಸ್ವತಂತ್ರವಾದ, ತಿಳಿದು ಕೊಟ್ಟ ಒಪ್ಪಿಗೆ ಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 99ನೇ ಕಲಮು ಹೇಳಿತು. ಕೊಟ್ಟ ಒಪ್ಪಿಗೆಯನ್ನು ನಡುವೆ ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದೆಂದೂ ಅದರಲ್ಲಿದೆ.

ನಿಮ್ಮ ಊರಿಗೂ ಪ್ರಶ್ನಾವಳಿ ಹಿಡಿದು ಯಾರಾದರೂ ಬಂದಾರು. ಕೂರಿಸಿ, ಕಾಫಿ ಕೊಡಿ. ಉತ್ತರ ಹೇಳುವ ಮೊದಲು, ಇದು ಯಾತಕ್ಕೆ, ನನ್ನ ಹೆಸರು ಎಲ್ಲಿಗೆ ಹೋಗುತ್ತದೆ, ಬೇಡವೆಂದರೆ ಬಿಡುತ್ತೀರಾ ಎಂದು ತಪ್ಪದೆ ಕೇಳಿ.